ದಿಗಿಲು ಬಿದ್ದ ನರಕ್ಕೆ ಧೈರ್ಯ ಬರುವ ಬಗೆ

2018ರ ಡಿಸೆಂಬರ್ 14ರ ಶುಕ್ರವಾರ ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ಕಿಚ್‌ಗುತ್ ಮಾರಮ್ಮನ ಗುಡಿಗೆ ಗೋಪುರ ಕಟ್ಟಲು ಶಂಕುಸ್ಥಾಪನೆ ಇತ್ತು. ಪೂಜೆ ಮುಗಿದ ಮೇಲೆ ಹಂಚಿದ ಬಾತ್ ತಿಂದವರು ಒಬ್ಬೊಬ್ಬರಾಗಿ ವಾಂತಿ ಮಾಡಿಕೊಂಡು ಬಿದ್ದರು. ಕಾಮಗೆರೆ, ಕೊಳ್ಳೇಗಾಲ, ಅಲ್ಲಿಂದ ಮೈಸೂರು ಎಂದು ಸಾಗಿಸಿದರೂ 17 ಮಂದಿ ಉಳಿಯಲಿಲ್ಲ. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ ಬದುಕಿ ಬಂದರು. ಪ್ರಸಾದದಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಬೇಕೆಂದೇ ಬೆರೆಸಿದರು ಎಂಬುದು ಪೊಲೀಸರ ಆರೋಪ.

ಸತ್ತವರ ಲೆಕ್ಕ, ಪರಿಹಾರದ ಲೆಕ್ಕ ಎಲ್ಲರಿಗೂ ಗೊತ್ತು. ಉಳಿದವರ ಮೈಯೊಳಗೆ ಏನು ಉಳಿಯುತ್ತದೆ, ಅದಕ್ಕೆ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಸುಳ್ವಾಡಿಯಿಂದಲೇ ಶುರುಮಾಡಲು ಕಾರಣವಿದೆ. ಅಲ್ಲಿ ವಿಷ ದಾಳಿಯಿಟ್ಟದ್ದು ನೇರವಾಗಿ ನರಮಂಡಲದ ಮೇಲೆ.

1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ ನಗರದಲ್ಲಿ ಆಟೊ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆ ಹೃದಯಗಳನ್ನು ದ್ರವದಲ್ಲಿಟ್ಟು ಪರೀಕ್ಷೆ ಮಾಡಿದರು. ಒಂದರ ವೇಗಸ್ ನರವನ್ನು, ಅಂದರೆ ಮೆದುಳನ್ನೂ ಹೃದಯವನ್ನೂ ಜೋಡಿಸುವ ನರವನ್ನು, ಕೆಣಕಿದಾಗ ಆ ಹೃದಯ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರೆ, ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರ ಒಂದು ರಾಸಾಯನಿಕವನ್ನು ಸುರಿಸಿ ಹೃದಯಕ್ಕೆ ‘ಸಾಕು, ಮೆಲ್ಲಗೆ’ ಎನ್ನುತ್ತದೆಂದು ಗೊತ್ತಾದದ್ದು ಹಾಗೆ. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕುವ ಕಿಣ್ವವೊಂದು ನಮ್ಮಲ್ಲಿದೆ. ಮೊನೊಕ್ರೊಟೊಫಾಸ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಜೊಲ್ಲು, ಕಣ್ಣೀರು, ವಾಂತಿ ನಿಲ್ಲುವುದಿಲ್ಲ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ಕುಸಿಯುತ್ತದೆ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ವೈದ್ಯರು ಅಟ್ರೋಪಿನ್ ಚುಚ್ಚುವುದು ಈ ಅತಿರೇಕವನ್ನು ತಡೆಯಲೆಂದೇ.

ಅಂದರೆ ಮೈಯನ್ನು ತಣ್ಣಗಿಡಬೇಕಾದ ನರವೇ ಆ ದಿನ ಶತ್ರುವಿನಂತೆ ವರ್ತಿಸಿತು. ವಿಷ ಕೆಲವು ದಿನಗಳಲ್ಲಿ ಇಳಿಯುತ್ತದೆ. ಅದರಿಂದ ಮೈ ಕಲಿತ ಭಯ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಇಂಥ ಆಘಾತ ಕಂಡವರಲ್ಲಿ ಮುಂದೆ ಔಷಧಿ ಹೊಡೆದ ಹೊಲದ ವಾಸನೆ ಬಂದರೂ, ದೊಡ್ಡ ಹಂಡೆಯ ಅಡುಗೆ ಕಂಡರೂ ಹೊಟ್ಟೆ ಕಿವುಚಬಹುದು, ಕೈ ನಡುಗಬಹುದು. ‘ಈಗ ಏನೂ ಇಲ್ಲವಲ್ಲ’ ಎಂದು ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ.

ಹನೂರಿನ ಕಾಡಂಚಿನ ಜೋಳದ ಹೊಲಗಳಲ್ಲಿ ರಾತ್ರಿ ಅಟ್ಟಣೆ ಮೇಲೆ ಕಾವಲು ಕೂರುವವರನ್ನು ನೆನೆಸಿಕೊಳ್ಳಿ. ಕತ್ತಲಲ್ಲಿ ಏನೋ ಅಲುಗಾಡಿದರೆ ಮೊದಲು ತಗಡು ಬಡಿಯುತ್ತಾರೆ, ಆನೆಯೋ ಹಸುವೋ ಎಂದು ಆಮೇಲೆ ನೋಡುತ್ತಾರೆ. ಮೆದುಳಿನ ಒಳಗೆ ಬಾದಾಮಿ ಗಾತ್ರದ ಅಮಿಗ್ಡಲಾ ಮಾಡುವುದೂ ಅದನ್ನೇ. ಅದು ಸದ್ದು ಮಾಡಿದ ಕ್ಷಣಗಳಲ್ಲೇ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆ ಬಡಿತ ಏರಿ ಬಾಯಿ ಒಣಗುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಓಡಲೂ ಆಗದು, ಹೊಡೆದಾಡಲೂ ಆಗದು ಎಂದಾದಾಗ ಮೈ ಮರಗಟ್ಟಿ, ಮಾತು ನಿಂತು, ಎಲ್ಲವೂ ದೂರದಲ್ಲಿ ನಡೆಯುತ್ತಿರುವಂತೆ ಕಾಣುವುದೂ ಉಂಟು. ಮನೆಯವರು ‘ಕಲ್ಲಿನಂಗೆ ಕೂತವಳೆ’ ಎನ್ನುವುದು ಈ ಸ್ಥಿತಿಯನ್ನು. ಅದು ಹಟವೂ ಅಲ್ಲ, ನಾಟಕವೂ ಅಲ್ಲ. ಒಮ್ಮೆ ನಿಜವಾಗಿಯೂ ಆನೆ ನುಗ್ಗಿದ ಹೊಲದ ಕಾವಲುಗಾರ ಎಲೆ ಅಲುಗಿದರೂ ತಗಡು ಬಡಿಯುತ್ತಾನೆ. ಆಘಾತದ ನಂತರದ ಕಾಯಿಲೆ ಎಂದರೆ ಇಷ್ಟೇ, ಹಗಲಾದ ಮೇಲೂ ನಿಲ್ಲದ ಕಾವಲು.

ಕಾವಲನ್ನು ಬೈದು ಇಳಿಸಲಾಗದು. ‘ಮರೆತುಬಿಡವ್ವಾ’ ಎಂಬ ಬುದ್ಧಿಮಾತು ಕೆಲಸ ಮಾಡದಿರುವುದು ಇದಕ್ಕೇ. ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ, ಹೃದಯ, ಶ್ವಾಸಕೋಶ, ಕರುಳಿನಿಂದ ಮೆದುಳಿಗೆ. ಮೈ ಕಳಿಸುವ ಸುದ್ದಿ ಬದಲಾಗದೆ ಬರಿ ಮಾತಿಗೆ ಮೆದುಳು ಒಪ್ಪುವುದು ಕಷ್ಟ. ಅಮೆರಿಕದ ಸ್ಟೀಫನ್ ಪೋರ್ಜಸ್ 1994ರಲ್ಲಿ ಮುಂದಿಟ್ಟ ಪಾಲಿವೇಗಲ್ ಸಿದ್ಧಾಂತ ಇದನ್ನೇ ದೊಡ್ಡದಾಗಿ ಬೆಳೆಸಿತು. ಎದುರಿನವರ ದನಿ, ಮುಖಭಾವದಿಂದಲೇ ನರಮಂಡಲ ಯೋಚನೆಗಿಂತ ಮೊದಲು ಅಪಾಯ, ಅಭಯಗಳನ್ನು ಅಳೆಯುತ್ತದೆ ಎಂಬುದು ಅದರ ತಿರುಳು. ಆ ಸಿದ್ಧಾಂತದ ಅಂಗರಚನೆಯ ವಿವರಗಳನ್ನು ಒಪ್ಪದ ಶರೀರಶಾಸ್ತ್ರಜ್ಞರು ಬಹಳ ಮಂದಿ. ನನಗನಿಸುವಂತೆ ಚಿಕಿತ್ಸೆಯ ಮಟ್ಟಿಗೆ ಇಡೀ ಸಿದ್ಧಾಂತವನ್ನು ನಂಬಬೇಕಾದ್ದೇನಿಲ್ಲ. ಹೆದರಿದ ಮಗು ಅಜ್ಜಿಯ ಮಡಿಲಲ್ಲಿ ಸುಮ್ಮನಾಗುವುದಕ್ಕೆ ಸಿದ್ಧಾಂತ ಬೇಕಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ನಮ್ಮ ಕಡೆ ದಿಗಿಲು ಬಿದ್ದರೆ ಮೊದಲು ನೆನಪಾಗುವುದು ಅಂತ್ರ, ತಾಯಿತ. ‘ಕೊಳ್ಳೇಗಾಲ’ ಎಂಬ ಹೆಸರನ್ನೇ ಬಂಡವಾಳ ಮಾಡಿಕೊಂಡು ಬೆಂಗಳೂರಿನ ಗೋಡೆಗಳಲ್ಲಿ ವಶೀಕರಣದ ಬೋರ್ಡು ಹಾಕುವವರೂ ಇದ್ದಾರೆ, ಅವರಲ್ಲಿ ಎಷ್ಟು ಜನ ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ನೋಡಿದ್ದಾರೋ ಕಾಣೆ. ಪೂಜೆ ಮಾಡಿಸಿ ಹಣೆಗೆ ವಿಭೂತಿ ಹಚ್ಚಿದಾಗ ಒಂದೆರಡು ದಿನ ಹಗುರಾಗುವುದು ಸುಳ್ಳಲ್ಲ. ನಂಬಿದ ಕೈ ತಲೆ ಮುಟ್ಟಿದರೆ ಮೈ ಸಡಿಲಾಗುತ್ತದೆ. ಆದರೆ ಗಾಳಿ ಸೋಕಿದೆಯೆಂದು ಬಡಿದು, ಮೆಣಸಿನಕಾಯಿ ಹೊಗೆ ಹಾಕಿ ಹೆದರಿಸಿದರೆ ಹೆದರಿಕೆಗೆ ಹೆದರಿಕೆ ಸೇರುತ್ತದೆ, ಅಷ್ಟೆ.

ಚಿಕಿತ್ಸೆಯ ಕೋಣೆಯಲ್ಲಿ ಏನಾಗುತ್ತದೆ? ಮೊದಲ ಭೇಟಿಯಲ್ಲಿ ಒಳ್ಳೆಯ ಆಪ್ತಸಮಾಲೋಚಕರು ‘ಏನಾಯ್ತು ಹೇಳಿ’ ಎಂದು ಶುರುಮಾಡುವುದಿಲ್ಲ. ಹೆಚ್ಚೂಕಮ್ಮಿ ಮಾತು ಹೀಗಿರುತ್ತದೆ:

“ಅಕ್ಕಾ, ಬಾಗಿಲು ಹಾಕ್ಲಾ, ತೆಗ್ದೇ ಇರ್ಲಾ?”

“ತಗ್ದೇ ಇರ್ಲಿ ಕನ ಮೇಡಂ. ಹಾಕ್ಬುಟ್ರ ಎದ ಡವಡವ ಅಂತದ.”

“ಸರಿ, ತೆಗ್ದೇ ಇರ್ಲಿ. ಬಾಗಿಲು ಕಾಣೋ ಹಾಗೆ ಈ ಕುರ್ಚೀಲಿ ಕೂತ್ಕೊಳ್ಳಿ. ಯಾವಾಗ ಸಾಕು ಅನ್ನಿಸಿದ್ರೂ ಕೈ ಎತ್ತಿ, ನಿಲ್ಲಿಸ್ತೀನಿ.”

ಇದು ಬರೀ ಸೌಜನ್ಯವಲ್ಲ, ಚಿಕಿತ್ಸೆಯೇ. ಆಘಾತದ ದಿನ ಆ ಹೆಣ್ಣುಮಗಳ ಕೈಯಲ್ಲಿ ಯಾವುದೂ ಇರಲಿಲ್ಲ. ಇಲ್ಲಿ ಬಾಗಿಲು, ಕುರ್ಚಿ, ನಿಲ್ಲಿಸುವ ಹಕ್ಕು ಮೂರೂ ಅವಳ ಕೈಯಲ್ಲಿವೆ. ಕೈ ಎತ್ತಿದಾಗ ನಿಜಕ್ಕೂ ನಿಲ್ಲಿಸಿದರೆ ಮೈಗೆ ಒಂದು ಸಾಕ್ಷಿ ಸಿಕ್ಕಿತು. ಅಂಥ ಸಾಕ್ಷಿಗಳು ಕೂಡುತ್ತಾ ಹೋಗಬೇಕು.

ಇನ್ನು ಉಸಿರಾಟ. ಉಸಿರು ಎಳೆದಾಗ ಹೃದಯ ತುಸು ಚುರುಕಾಗುತ್ತದೆ, ಬಿಟ್ಟಾಗ ತುಸು ನಿಧಾನ. ಬಿಡುವ ಉಸಿರನ್ನು ಉದ್ದ ಮಾಡಿ, ನಿಮಿಷಕ್ಕೆ ಆರರಷ್ಟು ಉಸಿರಾಡಿದರೆ ವೇಗಸ್ ನರದ ಹಿಡಿತ ಗಟ್ಟಿಯಾಗುತ್ತದೆ. ಆದರೆ ಇದನ್ನು ಎಲ್ಲರ ಮೇಲೂ ಹೇರಬಾರದು. ವಿಷದಿಂದ ಉಸಿರೇ ನಿಂತು ವೆಂಟಿಲೇಟರ್ ಮೇಲೆ ಇದ್ದು ಬಂದವರಿಗೆ, ‘ಕಣ್ಣು ಮುಚ್ಚಿ ಉಸಿರು ಗಮನಿಸಿ’ ಎಂದರೆ ಅದೇ ಗಾಬರಿಯ ಬಾಗಿಲು ತೆರೆಯಬಹುದು. ಅಂಥವರಿಗೆ ಕಣ್ಣು ತೆರೆದೇ ಇರಲಿ. ಅಂಗಾಲನ್ನು ನೆಲಕ್ಕೆ ಒತ್ತುವುದು, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ತಣ್ಣೀರಲ್ಲಿ ಮುಖ ತೊಳೆಯುವುದು, ಗುನುಗುವುದು ವಾಸಿ. ಹಾಡುವಾಗ ಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಪದಕ್ಕೆ ಸೊಲ್ಲು ಕೊಡುವವರ ಸಾಲಿನಲ್ಲಿ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನ ಕುಣಿತದಲ್ಲಿ ಹತ್ತಾರು ಜನರ ಉಸಿರು, ಹೆಜ್ಜೆ ಒಂದೇ ಲಯಕ್ಕೆ ಬರುತ್ತವೆ. ಅದನ್ನು ಚಿಕಿತ್ಸೆ ಎಂದರೆ ಅತಿಯಾದೀತು. ಆದರೆ ತಿಂಗಳುಗಟ್ಟಲೆ ಮನೆಯೊಳಗೇ ಕೂತವರನ್ನು ಅಂಥ ಗುಂಪಿನ ಅಂಚಿಗೆ ಕರೆತರುವುದು ಒಳ್ಳೆಯ ಯೋಚನೆ.

ಮೈ ತುಸು ನೆಲೆ ಕಂಡ ಮೇಲೆ ನೆನಪಿನ ಕೆಲಸ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಬದುಕಿಗೆ ಮರಳುವುದು ಎಂದು ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಮೂರು ಘಟ್ಟಗಳನ್ನು ಹೇಳಿದರು. ಮೊದಲ ಘಟ್ಟವನ್ನೇ ವರ್ಷಗಟ್ಟಲೆ ಎಳೆಯುವುದು ಬೇಡ, ಬಹಳ ಮಂದಿ ಬೇಗನೇ ನೆನಪನ್ನು ಎದುರಿಸಬಲ್ಲರು ಎಂಬ ವಾದವೂ ಈಗ ಬಲವಾಗಿದೆ. ನನಗೆ ಎರಡರಲ್ಲೂ ಹುರುಳು ಕಾಣುತ್ತದೆ. ಸುರಕ್ಷತೆ ಎಂದರೆ ಒಮ್ಮೆ ಮುಗಿಸಿ ಮುಂದೆ ಹೋಗುವ ಪಾಠವಲ್ಲ. ಪ್ರತಿ ಭೇಟಿಯ ಆರಂಭದಲ್ಲೂ ಕೊನೆಯಲ್ಲೂ ಅದು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ್ದು ಆಘಾತಕ್ಕೆಂದೇ ರೂಪಿಸಿದ, ಯೋಚನೆ ಮತ್ತು ವರ್ತನೆಯ ಜಾಡು ಬದಲಿಸುವ ಸಿಬಿಟಿ ಮತ್ತು ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಚಿಕಿತ್ಸೆಗಳನ್ನು. ಎರಡರಲ್ಲೂ ನೆನಪನ್ನು ಅಳತೆಯಲ್ಲಿ ಹೊರತೆಗೆಯುತ್ತಾರೆ, ಮೈ ತೀರಾ ಕಾದರೆ ನಿಲ್ಲಿಸುತ್ತಾರೆ, ತಣಿದ ಮೇಲೆ ಮತ್ತೆ ಹೋಗುತ್ತಾರೆ. ದುರಂತ ನಡೆದ ಮರುದಿನವೇ ಎಲ್ಲರನ್ನೂ ಕೂರಿಸಿ ಕಥೆ ಹೇಳಿಸುವುದರಿಂದ ಲಾಭವಿಲ್ಲವೆಂಬುದು ಈಗ ಒಪ್ಪಿತ ಮಾತು. ವಾರ್ಡಿನ ಹಾಸಿಗೆ ಬಳಿ ಮೈಕ್ ಹಿಡಿದು ‘ಆಗ ಹೇಗನ್ನಿಸಿತು’ ಎಂದು ಕೇಳುವವರಿಗೆ ಇದನ್ನು ಯಾರು ಹೇಳಬೇಕೋ.

ಇಷ್ಟಾದರೂ ಹಳೆಯ ಭಯ ಅಳಿಸಿಹೋಗುವುದಿಲ್ಲ. ‘ಈಗ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಅದರ ಪಕ್ಕದಲ್ಲಿ ಬೆಳೆದು ಅದನ್ನು ಹಿಡಿದಿಡುತ್ತದೆ. ಈ ಹೊಸ ಕಲಿಕೆಗೆ ಒಂದು ದೌರ್ಬಲ್ಯವಿದೆ. ಅದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮೈಸೂರಿನ ಕ್ಲಿನಿಕ್ಕಿನಲ್ಲಿ ನೆಮ್ಮದಿಯಾಗಿ ಮಾತಾಡಿದವರು ಊರಿನ ಗುಡಿ ಮುಂದೆ ಕುಸಿಯಬಹುದು. ಚಿಕಿತ್ಸೆ ಸೋತಿತು ಎಂದಲ್ಲ, ಊರಿನಲ್ಲಿ ಅದು ಇನ್ನೂ ಶುರುವಾಗಿಲ್ಲ. ಸುಳ್ವಾಡಿಯ ಗುಡಿ 2020ರ ಅಕ್ಟೋಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಅಂಥ ಜಾಗಕ್ಕೆ ಮರಳಬೇಕಾದವರು ಮೊದಲು ದೂರದಿಂದ ನೋಡಿ ಬರುವುದು, ನಂಬಿಕಸ್ಥರ ಜೊತೆ ಅಂಗಳದವರೆಗೆ ಹೋಗುವುದು, ಬೇಕೆನಿಸಿದರೆ ಮಾತ್ರ ಪ್ರಸಾದ ಮುಟ್ಟುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬಹುದು. ‘ದೇವರ ಪ್ರಸಾದ ಬೇಡ ಅನ್ಬಾರ್ದು’ ಎಂದು ಒತ್ತಾಯ ಮಾಡಿದರೆ ಕೆಲಸ ಕೆಟ್ಟಿತು.

ಅಪಾಯ ನಿಜವಾಗಿಯೂ ಕಳೆದಿರಬೇಕು ಎಂಬುದು ಇದಕ್ಕೆಲ್ಲ ತಳಪಾಯ. ಈ ಸೀಮೆಗೆ ಅದರ ಇನ್ನೊಂದು ಪಾಠವಿದೆ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಕಾಡಂಚಿನ ಜನ ಎರಡು ಕಡೆಯಿಂದ ಹೆದರಿದ್ದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಅವನ ತಂಡದ ನೆಲಬಾಂಬಿಗೆ 22 ಮಂದಿ ಬಲಿಯಾದರು. ಇನ್ನೊಂದು ಕಡೆ, ಮಲೆ ಮಹದೇಶ್ವರ ಬೆಟ್ಟದ ‘ವರ್ಕ್‌ಶಾಪ್’ ಎಂಬ ಶಿಬಿರದಲ್ಲಿ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯವರು ಹಿಂಸಿಸಿದರು ಎಂದು ಸೋಲಿಗರೂ ಹಳ್ಳಿಗರೂ ದೂರಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಘೋಷಣೆಯಾಯಿತು. ಹೊಡೆದವರು ಧರಿಸಿದ್ದ ಬಣ್ಣದ ಸಮವಸ್ತ್ರವೇ ಚೆಕ್‌ಪೋಸ್ಟಿನಲ್ಲಿ ನಿತ್ಯ ಎದುರಾಗುವಾಗ, ಉಸಿರು ಉದ್ದ ಬಿಡಿ ಎಂಬ ಸಲಹೆ ಎಷ್ಟು ದೂರ ಹೋದೀತು? ಸತ್ಯವನ್ನು ಸರ್ಕಾರದ ಕಾಗದ ಒಪ್ಪಿಕೊಳ್ಳುವುದು, ಹಣ ಕೈಗೆ ಬರುವುದು, ಮತ್ತೆ ಹಾಗಾಗದೆಂಬ ಭರವಸೆ, ಇವೂ ಚಿಕಿತ್ಸೆಯ ಭಾಗ. ಸುಳ್ವಾಡಿಯ ಸಂತ್ರಸ್ತರಿಗೆ ಕೊಟ್ಟ ಮಾತುಗಳಿಗೂ ಇದೇ ಅನ್ವಯ.

ನಿದ್ದೆ ಕೆಟ್ಟು, ಕೆಟ್ಟ ಕನಸು, ಬೆಚ್ಚುವಿಕೆ ಒಂದು ತಿಂಗಳಾದರೂ ಇಳಿಯದಿದ್ದರೆ ಕಾಯಬೇಡಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 14416 ಟೆಲಿಮನಸ್ ಸಹಾಯವಾಣಿ, ಉಚಿತ, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡರೆ ಬಸ್ ಚಾರ್ಜು, ಕೂಲಿ ಎರಡೂ ಉಳಿದಾವು. ಚಾಮರಾಜನಗರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೂ ಹೋಗಬಹುದು. ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೇಳಿ ನುಂಗುವುದು ಬೇಡ, ಅದು ಆಘಾತಕ್ಕೆ ಮದ್ದಲ್ಲ. ಕೀಟನಾಶಕ ಹೊಟ್ಟೆಗೆ ಹೋಗಿ ಬದುಕಿದವರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮರೆವು, ಕೈಕಾಲು ಜೋಮು, ಬೇಸರಗಳಿಗೆ ವಿಷದ ಉಳಿಕೆ ಪರಿಣಾಮವೂ ಕಾರಣವಾಗಿರಬಹುದು. ಹಳೆಯ ಡಿಸ್ಚಾರ್ಜ್ ಚೀಟಿ ಮನೆಯಲ್ಲಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.