ಮುಷ್ಟಿಯ ಬಲ, ಬೆರಳ ತುದಿಯ ಸೋಲು

ವಂಶಪಾರಂಪರ್ಯವಾಗಿ ಬರುವ ನರರೋಗಗಳಲ್ಲಿ ಹೆಚ್ಚಾಗಿ ಕಾಣಿಸುವ ಶಾರ್ಕೋ-ಮರಿ-ಟೂತ್ ಕಾಯಿಲೆಗೆ ಆ ಹೆಸರು ಬಂದದ್ದು 1886ರಲ್ಲಿ ಅದನ್ನು ವರ್ಣಿಸಿದ ಪ್ಯಾರಿಸ್ಸಿನ ಇಬ್ಬರು ಮತ್ತು ಇಂಗ್ಲೆಂಡಿನ ಒಬ್ಬ ವೈದ್ಯರಿಂದ. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂಬ ಅಂದಾಜಿದೆ. ಬೆನ್ನುಹುರಿಯಿಂದ ಹೊರಟು ಕೈಕಾಲುಗಳ ತುದಿ ಮುಟ್ಟುವ ನರತಂತುಗಳು, ಇಲ್ಲವೇ ಅವುಗಳ ಸುತ್ತಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆ, ವರ್ಷಗಟ್ಟಲೆ ನಿಧಾನವಾಗಿ ಕೆಡುತ್ತ ಹೋಗುತ್ತವೆ. ಉದ್ದದ ನರ ಮೊದಲು ಸೋಲುವುದರಿಂದ ಪಾದಗಳು ಮೊದಲು ಬಲ ಕಳೆದುಕೊಳ್ಳುತ್ತವೆ, ಕೈಗಳ ಸರದಿ ಆಮೇಲೆ ಬರುತ್ತದೆ. ಈ ಕಾರಣದಿಂದಲೇ ಚಿಕಿತ್ಸಕರ ಗಮನವೂ ನಡಿಗೆಯ ಮೇಲೆ ನಿಂತುಬಿಡುತ್ತದೆ. ಆದರೆ ಹಿಂದೂಪುರದಲ್ಲಿ ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡಿನಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯುವವರಿಗೂ, ಕಲ್ಯಾಣದುರ್ಗದ ಸೀಮೆಯಲ್ಲಿ ಬಿತ್ತನೆಗೆಂದು ಕಡಲೆಕಾಯಿ ಸುಲಿಯುವವರಿಗೂ ಕೂಳು ಕೊಡುವುದು ಬೆರಳ ತುದಿಗಳೇ.

ಕೈಯ ಶಕ್ತಿಯನ್ನು ಅಳೆಯುವುದೆಂದರೆ ಡೈನಮೋಮೀಟರ್ ಎಂಬ ಉಪಕರಣವನ್ನು ಹಿಂಡಿಸಿ ಕಿಲೋ ಲೆಕ್ಕ ಬರೆದುಕೊಳ್ಳುವುದೆಂಬ ರೂಢಿಯಿದೆ. ಈ ಕಾಯಿಲೆಯಲ್ಲಿ ಆ ಲೆಕ್ಕ ದಾರಿ ತಪ್ಪಿಸಬಲ್ಲದು, ಮತ್ತು ಅದರ ಕಾರಣ ಶರೀರರಚನೆಯ ಒಂದು ಬೆರಗಿನ ಸಂಗತಿಯಲ್ಲಿದೆ. ಬೆರಳುಗಳನ್ನು ಮಡಿಸುವ ಸ್ನಾಯುಗಳು ಬೆರಳೊಳಗೆ ಇಲ್ಲವೇ ಇಲ್ಲ. ಮುಷ್ಟಿ ಬಿಗಿಯುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿದ್ದು, ಮಣಿಕಟ್ಟನ್ನು ದಾಟಿ ಬರುವ ಉದ್ದನೆಯ ಸ್ನಾಯುರಜ್ಜುಗಳ ಮೂಲಕ ಬೆರಳುಗಳನ್ನು ಸೂತ್ರದ ಗೊಂಬೆಯಂತೆ ಎಳೆಯುತ್ತವೆ. ಅಂಗೈಯೊಳಗಿರುವವು ಪುಟ್ಟ ಸ್ನಾಯುಗಳು ಮಾತ್ರ. ಹೆಬ್ಬೆರಳನ್ನು ಇತರ ಬೆರಳುಗಳ ಎದುರಿಗೆ ತಂದು ನಿಲ್ಲಿಸುವುದು, ಬೆರಳುಗಳನ್ನು ಅಗಲಿಸಿ ಕೂಡಿಸುವುದು, ಬುಡದಲ್ಲಿ ಬಾಗಿಸುತ್ತಲೇ ತುದಿಯನ್ನು ನೇರವಾಗಿರಿಸುವುದು ಅವುಗಳ ಕೆಲಸ. ಮುಂಗೈಗೆ ಬರುವ ನರದ ಹಾದಿ ಚಿಕ್ಕದು, ಅಂಗೈವರೆಗಿನ ಹಾದಿ ಉದ್ದನೆಯದು. ಆದ್ದರಿಂದ ಹೆಬ್ಬೆರಳ ಬುಡದ ಮಾಂಸದ ದಿಬ್ಬ ಕರಗಿ ತಗ್ಗು ಬಿದ್ದಿರುವಾಗಲೂ ಮುಂಗೈ ಸಾಕಷ್ಟು ಗಟ್ಟಿಯಾಗಿ ಉಳಿದಿರುತ್ತದೆ. ತುಂಬಿದ ಕೊಡವನ್ನು ಎತ್ತಬಲ್ಲ ಹೆಣ್ಣುಮಗಳು ರವಿಕೆಯ ಹುಕ್ಕು ಹಾಕಿಕೊಳ್ಳಲಾರಳು. ಮನೆಯವರು ಅದನ್ನು ಸೋಮಾರಿತನವೆಂದು ಬಗೆಯುವುದು ಅನ್ಯಾಯ. ಕಿಲೋ ಲೆಕ್ಕವೊಂದನ್ನೇ ನೋಡಿ ಕೈ ಚೆನ್ನಾಗಿದೆಯೆಂದು ಬರೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಆದ್ದರಿಂದ ಹಿಡಿತದ ಜೊತೆಗೆ ಚಿಮುಟುವ ಬಲವನ್ನೂ, ಹೆಬ್ಬೆರಳು ಯಾವ ಬೆರಳಿನ ಯಾವ ಗೆಣ್ಣಿನವರೆಗೆ ತಲುಪುತ್ತದೆ ಎಂಬುದನ್ನೂ ಅಳೆಯಬೇಕಾಗುತ್ತದೆ. ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ಹಲಗೆಯ ಒಂಬತ್ತು ರಂಧ್ರಗಳಿಗೆ ಇಟ್ಟು, ಮತ್ತೆ ಒಂದೊಂದಾಗಿ ತೆಗೆಯಲು ಹಿಡಿಯುವ ಕಾಲವನ್ನು ಗಡಿಯಾರದಿಂದ ಗುರುತಿಸುವ ಪರೀಕ್ಷೆ ಸರಳವಾದರೂ ಸೂಕ್ಷ್ಮವಾದದ್ದು. ಆರೋಗ್ಯವಂತ ವಯಸ್ಕರು ಸುಮಾರು 20 ಸೆಕೆಂಡುಗಳಲ್ಲಿ ಅದನ್ನು ಮುಗಿಸುತ್ತಾರೆ. 1969ರಲ್ಲಿ ಪ್ರಕಟವಾದ ಜೆಬ್ಸನ್-ಟೇಲರ್ ಪರೀಕ್ಷೆಯಲ್ಲಿ ಬರೆಯುವುದು, ಕಾರ್ಡು ಮಗುಚುವುದು, ಡಬ್ಬಿ ಎತ್ತುವುದು ಮೊದಲಾದ ಏಳು ಕೆಲಸಗಳಿದ್ದು, ಊಟದ ಕೌಶಲವನ್ನು ಚಮಚದಿಂದ ಕಾಳು ಎತ್ತಿಸಿ ಅಳೆಯಲಾಗುತ್ತದೆ. ರಾಗಿಮುದ್ದೆ ಮುರಿದು ಸಾರಿಗೆ ಅದ್ದಿ ತಿನ್ನುವ ನಾಡಿನಲ್ಲಿ ಚಮಚ ಏನನ್ನು ಹೇಳೀತು? ಸೀರೆಯ ನೆರಿಗೆ ಹಿಡಿಯುವುದು, ಹೂ ಕಟ್ಟುವುದು, ಬೀಗದ ಕೈ ತಿರುಗಿಸುವುದು, ಅನ್ನ ಕಲಸುವುದು ಇಲ್ಲಿನ ಪರೀಕ್ಷೆಯಲ್ಲಿ ಸೇರಲೇಬೇಕು.

ಕೆಲಸ ಮಾಡಿದಷ್ಟೂ ಕೈ ಸವೆಯುತ್ತದೆಂಬ ಭಯವೂ ಜನರಲ್ಲಿದೆ, ಅದಕ್ಕೆ ವೈದ್ಯವಿಜ್ಞಾನವೂ ಸ್ವಲ್ಪ ಕಾಲ ಇಂಬು ಕೊಟ್ಟಿತ್ತು. ಹೆಚ್ಚು ಬಳಸುವ ಕೈಯೇ ಹೆಚ್ಚು ದುರ್ಬಲವಾಗುತ್ತದೆಂದು 2003ರಲ್ಲಿ ಇಟಲಿಯ ಸಂಶೋಧಕರು ವರದಿ ಮಾಡಿದರು. ಆದರೆ 2009ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಎರಡೂ ಕೈಗಳನ್ನು ಹೋಲಿಸಿ ಅಳೆದಾಗ, ಮತ್ತೆ 2014ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಆ ಮಾತಿಗೆ ಆಧಾರ ದೊರೆಯಲಿಲ್ಲ. ರೋಗಿಯ ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸುವುದರಿಂದ ನರ ಉಳಿಯುವುದಿಲ್ಲ.

ಬೆರಳು ಮುರುಟಿದ ಕೂಡಲೇ ನಾಗದೋಷವೆಂದು ಹರಕೆ ಹೊರುವುದಾಗಲಿ, ಕುಷ್ಠವೆಂದು ತಟ್ಟೆ ಬೇರೆ ಮಾಡುವುದಾಗಲಿ ಶುದ್ಧ ಅವಿವೇಕ. ಕುಷ್ಠ ಮತ್ತು ಈ ವಂಶದ ನರರೋಗ ಎರಡರಲ್ಲೂ ನರ ದಪ್ಪವಾಗಬಹುದು, ಬೆರಳುಗಳು ಹಕ್ಕಿಯ ಪಂಜದಂತೆ ಬಾಗಬಹುದು, ನಿಜ. ಆದರೆ ಕುಷ್ಠವು ರೋಗಾಣುವಿನಿಂದ ಬರುವ, ಔಷಧದಿಂದ ಗುಣವಾಗುವ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ಅಲ್ಲಲ್ಲಿ ತೇಪೆ ತೇಪೆಯಾಗಿ ಸ್ಪರ್ಶ ಕಳೆದಿರುತ್ತದೆ. ವಂಶದ ನರರೋಗವೋ ಯಾರಿಗೂ ಅಂಟದು, ಮತ್ತು ಎರಡೂ ಕೈಗಳಿಗೆ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಇದರ ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ತಲೆದೋರುವುದರಿಂದ, ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯಿರುವ ಸೀಮೆಗಳಲ್ಲಿ ಆ ಬಗೆಗಳ ಸಂಭವ ಹೆಚ್ಚು. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ನವಜಾತ ಶಿಶುಗಳ ದೊಡ್ಡ ಸಮೀಕ್ಷೆಯಲ್ಲಿ ಸುಮಾರು ಮೂರನೆಯ ಒಂದು ಭಾಗದ ಮದುವೆಗಳು ರಕ್ತಸಂಬಂಧದಲ್ಲೇ ಆದವಾಗಿದ್ದವು. ಹಿಂದೂಪುರದಿಂದ ನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂವಹನದ ವೇಗವನ್ನು ಅಳೆದು ಈ ಕಾಯಿಲೆಯ ಬಗೆಯನ್ನು ಗುರುತಿಸುವ ವ್ಯವಸ್ಥೆಯಿದೆ.

ಕುಷ್ಠದಿಂದ ಬಾಗಿದ ಬೆರಳುಗಳಿಗಾಗಿ ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಆರಂಭಿಸಿದ ಶಸ್ತ್ರಚಿಕಿತ್ಸೆಯಲ್ಲಿ, ಬಲವಿರುವ ಸ್ನಾಯುವಿನ ರಜ್ಜುವನ್ನು ಬಲಹೀನ ಸ್ನಾಯುವಿನ ಕೆಲಸಕ್ಕೆ ತಿರುಗಿಸಲಾಗುತ್ತದೆ. ಅದೇ ತತ್ತ್ವ ವಂಶದ ನರರೋಗದಿಂದ ಸೋತ ಕೈಗಳಿಗೂ ಸಲ್ಲುತ್ತದೆ: ಉಂಗುರ ಬೆರಳನ್ನು ಮಡಿಸುವ ಎರಡು ರಜ್ಜುಗಳಲ್ಲಿ ಒಂದನ್ನು ಹೆಬ್ಬೆರಳಿಗೆ ಜೋಡಿಸಿದರೆ ಅದು ಮತ್ತೆ ಇತರ ಬೆರಳುಗಳ ಎದುರಿಗೆ ಬಂದು ನಿಲ್ಲಬಲ್ಲದು. ಯಾವ ರಜ್ಜುವನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಮಾತ್ರ ಮುಂಗೈಯ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಅಳೆದ ಮೇಲಷ್ಟೇ ತೀರ್ಮಾನವಾಗುತ್ತದೆ.