ಹಳೆಯ ಪೀಪಾಯಿಯ ಹೊಗೆಯೊಲೆ

ಷಿಕಾಗೋ ನಗರದಲ್ಲಿ 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬ ಲೋಹಕೆಲಸದವರು, ನೀರಿನಲ್ಲಿ ತೇಲುವ ಬೋಯಾಗಳಿಗೆಂದು ಇದ್ದ ಉಕ್ಕಿನ ಅರೆಗೋಳಗಳಿಂದ ಮುಚ್ಚಳವುಳ್ಳ ಒಲೆಯೊಂದನ್ನು ರಚಿಸಿ, ಗಾಳಿಗಾಗಿ ರಂಧ್ರಗಳನ್ನು ಕೊರೆದರು. ಅಮೆರಿಕದ ಹಿತ್ತಿಲುಗಳಲ್ಲಿ 55 ಗ್ಯಾಲನ್ನಿನ, ಎಂದರೆ ಸುಮಾರು 208 ಲೀಟರಿನ, ಹಳೆಯ ಪೀಪಾಯಿಗಳನ್ನು ಒಲೆಯಾಗಿಸುವವರದೂ ಇದೇ ತತ್ತ್ವ.

ಕೆಳಗಿನ ರಂಧ್ರದಿಂದ ಬರುವ ಗಾಳಿ ಕೆಂಡವನ್ನು ಪೋಷಿಸುತ್ತದೆ. ಕಾದ ಹೊಗೆ ಹಗುರವಾಗಿ ಮೇಲಿನ ರಂಧ್ರದಿಂದ ಹೊರಡುತ್ತದೆ. ಕೆಳಗಂಡಿಯನ್ನು ಕಿರಿದುಮಾಡಿದರೆ ಉರಿ ತಗ್ಗುವುದು. ಸುಮಾರು 110 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹಲವು ಗಂಟೆಗಳಿದ್ದರೆ ಗಡುಸಾದ ಮಾಂಸವೂ ಮೃದುವಾಗುತ್ತದೆ.

ಆದರೆ ಪೀಪಾಯಿಯ ಪೂರ್ವಾಶ್ರಮವನ್ನು ವಿಚಾರಿಸದೆ ನಾವು ಕೈಹಚ್ಚತಕ್ಕದ್ದಲ್ಲ. ಬರಿದಾದುದು ನಿರಪಾಯವೆಂದು ನಾವು ಭಾವಿಸುವುದುಂಟು. ನಿಜವಾಗಿ, ಎಣ್ಣೆ ತುಂಬಿದ ಪೀಪಾಯಿಗಿಂತ ಬರಿದಾದುದೇ ಹೆಚ್ಚು ಭಯಂಕರ. ಒಳಗುಳಿದ ಎಣ್ಣೆಯ ಆವಿ ಗಾಳಿಯೊಡನೆ ಬೆರೆತಿರುವುದರಿಂದ, ಕತ್ತರಿಸುವಾಗ ಹಾರಿದ ಒಂದು ಕಿಡಿ ಅದನ್ನು ಸಿಡಿಸಿ ಪ್ರಾಣವನ್ನೇ ತೆಗೆದೀತು. ಒಮ್ಮೆ ನೀರಿನಲ್ಲಿ ತೊಳೆದರೆ ಸಾಲದು. ಸತುವಿನ ಲೇಪವುಳ್ಳ ತಗಡನ್ನು ಬೆಸೆಯುವಾಗ ಏಳುವ ಹೊಗೆ ಜ್ವರವನ್ನು ತರುತ್ತದೆ. ವಿಷದ್ರವ್ಯವಿದ್ದ ಪೀಪಾಯಿಯಂತೂ ಸರ್ವಥಾ ವರ್ಜ್ಯ.

ಆಹಾರಪದಾರ್ಥವನ್ನು ತುಂಬಿದ್ದ, ಒಳಲೇಪವಿಲ್ಲದ ಉಕ್ಕಿನ ಪೀಪಾಯಿಯೇ ಲೇಸು. ಅದು ದೊರೆಯದಿದ್ದಲ್ಲಿ, ನಮ್ಮ ಹಳೆಯ ಮಣ್ಣಿನ ಒಲೆಯೇ ಮೇಲು.