ಒಂದೇ ಕಂಪನಿ, ಒಂದೇ ಇಸವಿ

ಮನೆಯೊಳಗಿನ ಮಾದರಿ ಹಳಿಯ ಮೇಲೆ ಯಾವ ರೈಲನ್ನಾದರೂ ಓಡಿಸಬಹುದು. ಆದರೂ ಒಂದೇ ಕಂಪನಿಯ, ಒಂದೇ ವರ್ಷದ ರೈಲುಗಳು ಸಾಕು ಎಂದು ಹವ್ಯಾಸಿಗಳು ತಮಗೆ ತಾವೇ ಕಟ್ಟು ಹಾಕಿಕೊಂಡರು. ಈ ಕಟ್ಟುಪಾಡು ಬೆಳೆದು ಬಂದ ಬಗೆ ಇಲ್ಲಿದೆ.

ಕ್ಯಾಲಿಫೋರ್ನಿಯಾದ ಜ್ಯಾಕ್ ಬರ್ಜೆಸ್ ಕಟ್ಟಿದ ಪುಟಾಣಿ ರೈಲು ಮಾರ್ಗದಲ್ಲಿ ಯಾವ ದಿನ ನೋಡಿದರೂ 1939ರ ಆಗಸ್ಟ್ ತಿಂಗಳೇ. ಮರ್ಸೆಡ್ ಪಟ್ಟಣದಿಂದ ಯೊಸೆಮಿಟಿ ಕಣಿವೆಯ ಹೊಸ್ತಿಲಲ್ಲಿರುವ ಎಲ್ ಪೋರ್ಟಲ್‌ವರೆಗೆ ಸುಮಾರು 78 ಮೈಲಿ ಓಡುತ್ತಿದ್ದ ಯೊಸೆಮಿಟಿ ವ್ಯಾಲಿ ರೈಲ್‌ರೋಡ್ ಎಂಬ ಸಣ್ಣ ಕಂಪನಿಯ ಪ್ರತಿರೂಪ ಅದು. 1907ರಲ್ಲಿ ಓಡಾಟ ಶುರುಮಾಡಿದ ಈ ರೈಲು ಪ್ರವಾಸಿಗರನ್ನು, ಮರದ ದಿಮ್ಮಿಗಳನ್ನು, ಸಿಮೆಂಟ್ ಕಾರ್ಖಾನೆಗೆ ಬೇಕಾದ ಸುಣ್ಣದ ಕಲ್ಲನ್ನು ಸಾಗಿಸಿತು. 1926ರಲ್ಲಿ ಕಣಿವೆಗೆ ವರ್ಷವಿಡೀ ಬಳಸಬಹುದಾದ ರಸ್ತೆ ಬಂತು. ಪ್ರವಾಸಿಗರು ಮೋಟಾರು ಹತ್ತಿದರು. 1945ರಲ್ಲಿ ರೈಲು ನಿಂತಿತು, ಹಳಿಗಳನ್ನೂ ಕಿತ್ತರು.

ಬರ್ಜೆಸ್ ಆ ಕಂಪನಿಯ ಎಂಜಿನ್, ಬೋಗಿ, ನಿಲ್ದಾಣಗಳನ್ನು ಫೋಟೊ ಮತ್ತು ನಕ್ಷೆಗಳನ್ನು ಹಿಡಿದುಕೊಂಡು ಒಂದೊಂದಾಗಿ ಕಟ್ಟಿದರು. ತಿಂಗಳು ಗೊತ್ತುಮಾಡಿದ ಮೇಲೆ ಉಳಿದದ್ದೆಲ್ಲ ಅದಕ್ಕೆ ತಲೆಬಾಗಬೇಕು. 1940ರಲ್ಲಿ ಮಾರುಕಟ್ಟೆಗೆ ಬಂದ ಕಾರು ಎಷ್ಟೇ ಚೆಂದವಿದ್ದರೂ ಅಲ್ಲಿನ ರಸ್ತೆಗೆ ಇಳಿಯುವಂತಿಲ್ಲ. ಬೆಟ್ಟದ ಹುಲ್ಲು ಬೇಸಿಗೆಯ ಬಿಸಿಲಿಗೆ ಒಣಗಿಯೇ ಇರಬೇಕು. ಹವ್ಯಾಸಕ್ಕೆ ಇಷ್ಟೊಂದು ಶಿಸ್ತು ಯಾಕೆ ಎಂದು ಕೇಳುವ ಮೊದಲು, ಈ ಹವ್ಯಾಸದ ಮೊದಲ ಅರ್ಧ ಶತಮಾನದಲ್ಲಿ ಇದು ಹೆಚ್ಚಿನವರ ಕೈಗೆ ಎಟುಕುವಂತಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಎಲ್ಲ ರೈಲೂ ಎಲ್ಲ ಹಳಿಗೂ

1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟರೆ ಓಡುವ ಆಟಿಕೆ ರೈಲನ್ನು ಪ್ರದರ್ಶನಕ್ಕಿಟ್ಟಿತು. ಜೊತೆಗೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಜೋಡಿಸಬಹುದಾದ ಹಳಿಗಳಿದ್ದವು. ಹಳಿಗಳ ಅಗಲಕ್ಕೆ ಒಂದು, ಎರಡು, ಮೂರು ಎಂದು ಗೇಜ್ ಸಂಖ್ಯೆ ಕೊಟ್ಟಿದ್ದು ಆಗಲೇ. ಅಂದಿನಿಂದ ಆಟಿಕೆ ರೈಲು ಒಂದೇ ಸಲ ಕೊಂಡು ಮುಗಿಸುವ ವಸ್ತುವಾಗಿ ಉಳಿಯಲಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಒಂದಷ್ಟು ಹಳಿ, ಒಂದೆರಡು ಬೋಗಿ ಸೇರಿಸುತ್ತಾ ಹೋಗಬಹುದಾಯಿತು. 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಲಯನೆಲ್ ಕಂಪನಿ ಕರೆಂಟಿನ ರೈಲುಗಳನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಆ ರೈಲಿಗೆ ಯಾವ ಕಂಪನಿಯ ಬಣ್ಣವಿದೆ, ಯಾವ ಕಾಲದ ಎಂಜಿನ್ ಎಂದು ಕೇಳಿದವರಿಲ್ಲ. ಓಡಿದರೆ ಸಾಕಿತ್ತು.

ಆಟಿಕೆ ಹವ್ಯಾಸವಾಗಿ ಬೆಳೆದಿದ್ದು 1930ರ ದಶಕದಲ್ಲಿ. ಮಿಲ್ವಾಕಿಯಲ್ಲಿ ಆಲ್ ಕಾಲ್ಮ್‌ಬಾಕ್ 1934ರ ಜನವರಿಯಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಆರಂಭಿಸಿದರು. ಮರುವರ್ಷ ಅದೇ ಊರಿನಲ್ಲಿ ಅಮೆರಿಕದ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಚಕ್ರದ ಅಂಚು ಎಷ್ಟು ದಪ್ಪ, ಎರಡು ಹಳಿಗಳ ನಡುವೆ ಎಷ್ಟು ಅಂತರ ಎಂಬುದಕ್ಕೆ ಸಂಘ ಅಳತೆ ನಿಗದಿ ಮಾಡಿತು. ಒಬ್ಬನ ಎಂಜಿನ್ ಇನ್ನೊಬ್ಬನ ಹಳಿಯ ಮೇಲೆ ಓಡಲೇಬೇಕು ಎಂಬುದು ಅದರ ಉದ್ದೇಶ. ಎಲ್ಲ ರೈಲೂ ಎಲ್ಲ ಹಳಿಯ ಮೇಲೂ ಓಡಲಿ ಎಂದು ಪಟ್ಟು ಹಿಡಿದ ಸಮುದಾಯದ ಮುಂದಿನ ತಲೆಮಾರು, ನನ್ನ ಹಳಿಯ ಮೇಲೆ ಈ ಕೆಲವು ಮಾತ್ರ ಓಡಲಿ ಎಂದು ಗೆರೆ ಎಳೆಯಿತು.

ನಾಟಕದ ಪಾಠ

ಆ ಗೆರೆಗೆ ಮೊದಲ ತಳಹದಿ ಹಾಕಿದವರು ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್. ಅವರ ‘ಡೆಲ್ಟಾ ಲೈನ್ಸ್’ ಶುದ್ಧ ಕಲ್ಪನೆಯ ಕಂಪನಿ. 1944ರಲ್ಲಿ ‘ಮಾಡೆಲ್ ರೈಲ್‌ರೋಡರ್’ಗೆ ಬರೆದ ಲೇಖನಮಾಲೆಯಲ್ಲಿ ಅವರು ಮಾದರಿ ರೈಲನ್ನು ರಂಗಭೂಮಿಯ ಕಣ್ಣಿನಿಂದ ನೋಡಿದರು: ಗುಡ್ಡ, ಊರುಗಳು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥೆ. ವೃತ್ತದಲ್ಲಿ ಗಿರಗಿರನೆ ಸುತ್ತುವ ರೈಲಿಗೆ ಅಂದಿನಿಂದ ಒಂದು ಕೆಲಸ ಬಂತು. ಇಲ್ಲಿಂದ ಸರಕು ಎತ್ತಬೇಕು, ಅಲ್ಲಿ ಇಳಿಸಬೇಕು, ಎದುರು ಬರುವ ಎಕ್ಸ್‌ಪ್ರೆಸ್‌ಗೆ ದಾರಿ ಬಿಟ್ಟು ಸೈಡಿಂಗಿನಲ್ಲಿ ಕಾಯಬೇಕು. ಕಥೆ ಬಂದ ಮೇಲೆ ಅಸಂಬದ್ಧವೂ ಕಣ್ಣಿಗೆ ಹೊಡೆಯತೊಡಗಿತು. ಹೊಗೆಯುಗುಳುವ ಉಗಿ ಎಂಜಿನ್‌ಗಳ ಯಾರ್ಡಿಗೆ ಮೂವತ್ತು ವರ್ಷ ತಡವಾಗಿ ಹುಟ್ಟಿದ ಡೀಸೆಲ್ ಎಂಜಿನ್ ನುಗ್ಗಿದರೆ, ಪೌರಾಣಿಕ ನಾಟಕದ ದುಷ್ಯಂತ ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದಂತೆ.

ಆದರೂ ಎಲಿಸನ್ ಆಗಲಿ, ಮಾಂಟೆರಿಯಲ್ಲಿ ಮುಗಿಲೆತ್ತರದ ಬೆಟ್ಟಗಳನ್ನೂ ಕಮರಿಗಳನ್ನೂ ಕಟ್ಟಿ ಹೆಸರಾದ ಜಾನ್ ಆಲನ್ ಆಗಲಿ ನಿಜವಾದ ಯಾವ ಕಂಪನಿಯನ್ನೂ ಅನುಸರಿಸಲಿಲ್ಲ. ಆಗ ಸಾಮಗ್ರಿಯ ಕೊರತೆಯೂ ಇತ್ತು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುತ್ತಿದ್ದುದು ಒಂದೇ ಅಚ್ಚಿನ 40 ಅಡಿ ಮುಚ್ಚು ವ್ಯಾಗನ್. ಅದೇ ಅಚ್ಚಿಗೆ ಹತ್ತಾರು ಕಂಪನಿಗಳ ಬಣ್ಣ, ಹೆಸರು ಬಳಿದು ಮಾರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಜಪಾನಿನ ಕುಶಲಕರ್ಮಿಗಳು ಕೈಯಲ್ಲಿ ಮಾಡಿ ಕಳಿಸುತ್ತಿದ್ದ ಹಿತ್ತಾಳೆ ಎಂಜಿನ್‌ಗಳಲ್ಲಿ ನಿಜವಾದ ಕಂಪನಿಯೊಂದರ ನಿಖರ ರೂಪವಿತ್ತು, ಆದರೆ ಬೆಲೆ ದುಬಾರಿ. ಸಿಕ್ಕಿದ್ದನ್ನೆಲ್ಲ ಒಂದು ಸೂರಿನಡಿ ತರಬೇಕಾದರೆ ಇಲ್ಲದ ಕಂಪನಿಯೊಂದನ್ನು ಹುಟ್ಟಿಸುವುದೇ ಸುಲಭದ ಉಪಾಯ. ಅದರ ಯಜಮಾನ ನೀವೇ ಆದ್ದರಿಂದ ತಪ್ಪು ಹುಡುಕುವವರಿಲ್ಲ.

ಕಲ್ಪನೆಗೂ ಲೆಕ್ಕಪತ್ರ

ಒಹಾಯೊದ ಡೇಟನ್‌ನಲ್ಲಿ ಆಲನ್ ಮೆಕ್‌ಕ್ಲೆಲಂಡ್ ಕಟ್ಟಿದ ‘ವರ್ಜಿನಿಯನ್ ಆ್ಯಂಡ್ ಒಹಾಯೊ’ ಕೂಡ ಕಾಲ್ಪನಿಕ ಕಂಪನಿಯೇ. ಆದರೆ ಅಪಲಾಚಿಯನ್ ಬೆಟ್ಟಸಾಲಿನ ಕಲ್ಲಿದ್ದಲು ಸಾಗಿಸುವ ಆ ರೈಲು ನಿಜವಾಗಿ ಇದ್ದಿದ್ದರೆ ಹೇಗಿರುತ್ತಿತ್ತೋ ಹಾಗೇ ಇತ್ತು. ಎಂಜಿನ್‌ಗಳಿಗೆಲ್ಲ ಒಂದೇ ನೀಲಿ ಬಣ್ಣ, ಹಳಿಗೆ ನಿಜವಾದ ಕಂಪನಿಗಳೊಂದಿಗೆ ಕೂಡುದಾರಿ, ಪ್ರತಿ ವ್ಯಾಗನ್ನಿಗೂ ಎಲ್ಲಿಂದ ಎಲ್ಲಿಗೆ ಎಂಬ ಲೆಕ್ಕ. 1970ರ ದಶಕದ ಕೊನೆಯಲ್ಲಿ ‘ರೈಲ್‌ರೋಡ್ ಮಾಡೆಲ್ ಕ್ರಾಫ್ಟ್ಸ್‌ಮನ್’ ಪತ್ರಿಕೆಯಲ್ಲಿ ಈ ಮಾರ್ಗದ ಕಥೆ ಸರಣಿಯಾಗಿ ಬಂತು. ನೆಲಮಾಳಿಗೆಯ ಗೋಡೆಗೆ ಹಳಿ ಮುಗಿದರೂ ರೈಲು ಮುಗಿಯುವುದಿಲ್ಲ, ಅದು ಗೋಡೆಯಾಚೆಯ ದೇಶದ ಜಾಲದ ಒಂದು ತುಣುಕು ಎಂಬ ಮೆಕ್‌ಕ್ಲೆಲಂಡ್ ಅವರ ಮಾತು ಒಂದು ತಲೆಮಾರಿನ ಕಣ್ಣು ತೆರೆಸಿತು.

ಆ ಸರಣಿಯನ್ನು ಅಚ್ಚು ಹಾಕಿದ ಸಂಪಾದಕ ಟೋನಿ ಕೊಯೆಸ್ಟರ್. ಅವರೂ 1973ರಿಂದ ‘ಅಲೆಗೆನಿ ಮಿಡ್‌ಲ್ಯಾಂಡ್’ ಎಂಬ ಕಾಲ್ಪನಿಕ ಕಂಪನಿಯನ್ನು ನಡೆಸುತ್ತಿದ್ದರು. ನಿಕಲ್ ಪ್ಲೇಟ್ ಎಂಬ ನಿಜವಾದ ಕಂಪನಿಗೆ ಅದು ಅಂಗಸಂಸ್ಥೆ ಎಂಬುದು ಅವರ ಕಲ್ಪನೆ. ಸುಮಾರು ಕಾಲು ಶತಮಾನ ಓಡಿಸಿ, ಪತ್ರಿಕೆಗಳಲ್ಲಿ ಮನೆಮಾತಾದ ಆ ಮಾರ್ಗವನ್ನು ಕೊಯೆಸ್ಟರ್ ಬಿಚ್ಚಿಹಾಕಿದರು. ಆ ಜಾಗದಲ್ಲಿ ನಿಕಲ್ ಪ್ಲೇಟ್ ಕಂಪನಿಯನ್ನೇ ಕಟ್ಟಿದರು. ಅದೂ ಇಡೀ ಕಂಪನಿಯನ್ನಲ್ಲ. ಇಂಡಿಯಾನಾದ ಫ್ರಾಂಕ್‌ಫರ್ಟ್‌ನಿಂದ ಇಲಿನಾಯ್‌ನ ಚಾರ್ಲ್‌ಸ್ಟನ್‌ವರೆಗಿನ ಒಂದು ವಿಭಾಗವನ್ನು ಮಾತ್ರ. ಕಾಲ 1954ರ ಶರತ್ಕಾಲ. ಅಪಲಾಚಿಯನ್ ಬೆಟ್ಟಗಳ ಬದಲು ಮೆಕ್ಕೆಜೋಳದ ಹೊಲಗಳು, ಸುರಂಗಗಳ ಬದಲು ಸಪಾಟು ಬಯಲಿನ ಸಣ್ಣ ಊರುಗಳು ಬಂದವು.

ಬರದಿಂದ ಸಮೃದ್ಧಿಗೆ

ಕೊಯೆಸ್ಟರ್ ಮನಸ್ಸು ಬದಲಾದದ್ದಕ್ಕೆ ಬಾಲ್ಯದಲ್ಲಿ ಕಂಡ ಉಗಿ ಎಂಜಿನ್‌ಗಳ ಸೆಳೆತ ಒಂದು ಕಾರಣ. ಆದರೆ 1973ರಲ್ಲಿ ಆಗದೇ ಇದ್ದದ್ದು 2000ದ ಹೊತ್ತಿಗೆ ಆಗುವಂತೆ ಮಾಡಿದ್ದು ಬೇರೆಯೇ.

1960, 70ರ ದಶಕಗಳಲ್ಲಿ ಅಮೆರಿಕದ ಹಳೆಯ ರೈಲು ಕಂಪನಿಗಳು ಒಂದರ ಹಿಂದೊಂದು ವಿಲೀನಗೊಂಡವು, ಇಲ್ಲವೇ ಮುಳುಗಿದವು. ನಿಕಲ್ ಪ್ಲೇಟ್ 1964ರಲ್ಲಿ ನಾರ್ಫೋಕ್ ಆ್ಯಂಡ್ ವೆಸ್ಟರ್ನ್‌ನಲ್ಲಿ ಲೀನವಾಯಿತು. 1968ರಲ್ಲಿ ಎರಡು ದೈತ್ಯ ಕಂಪನಿಗಳು ಕೂಡಿ ಹುಟ್ಟಿದ ಪೆನ್ ಸೆಂಟ್ರಲ್ ಎರಡೇ ವರ್ಷದಲ್ಲಿ ದಿವಾಳಿಯಾಯಿತು. ಹೆಸರು ಅಳಿದ ಕಂಪನಿಗಳ ಮೇಲಿನ ಅಭಿಮಾನದಿಂದ ಇತಿಹಾಸ ಸಂಘಗಳು ಹುಟ್ಟಿಕೊಂಡವು. ಅವು ನಕ್ಷೆ, ಫೋಟೊ, ನೌಕರರ ವೇಳಾಪಟ್ಟಿಗಳನ್ನು ಕಲೆಹಾಕಿ ಅಚ್ಚು ಹಾಕಿದವು. ಊರಿನ ಒಂದೊಂದು ಕಟ್ಟಡದ ಗಾತ್ರ, ಗೋಡೆ ಯಾವುದರದ್ದು ಎಂಬುದನ್ನು ಬೆಂಕಿ ವಿಮೆಗಾಗಿ ಗುರುತಿಸಿಟ್ಟಿದ್ದ ಸ್ಯಾನ್‌ಬಾರ್ನ್ ನಕ್ಷೆಗಳು ಕೈಗೆ ಬಂದವು. ಇತ್ತ 1980ರ ದಶಕದಲ್ಲಿ ಸಣ್ಣ ಸಣ್ಣ ತಯಾರಕರು ರಾಳ ಎರಕ ಹೊಯ್ದು, ಒಂದೇ ಕಂಪನಿಯ ಒಂದೇ ಬಗೆಯ ವ್ಯಾಗನ್ನಿನ ಕಿಟ್‌ಗಳನ್ನು ಮಾರತೊಡಗಿದರು. ಮುಂದೆ ಪ್ಲಾಸ್ಟಿಕ್ ಮಾದರಿಗಳೂ ಆ ನಿಖರತೆಗೆ ಬಂದವು.

ಹವ್ಯಾಸದ ದಿಕ್ಕು ತಿರುಗಿದ್ದು ಇಲ್ಲಿ. ಕೊರತೆಯ ಕಾಲ ಕಲ್ಪನೆಯ ಕಂಪನಿಗಳನ್ನು ಹುಟ್ಟಿಸಿತ್ತು. ಎಲ್ಲವೂ ಸಿಗುವ ಕಾಲ ಬಂದಾಗ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದೇ ಕಸುಬಾಯಿತು.

ಇಸವಿಯ ಗುರುತುಗಳು

ಕಂಪನಿ ಆರಿಸಿದರೆ ಸಾಲದು, ಇಸವಿಯೂ ಯಾಕೆ? ರೈಲಿನ ಮೈಮೇಲೆಲ್ಲ ಇಸವಿ ಬರೆದಿರುತ್ತದೆ. ಅಮೆರಿಕದ ಗೂಡ್ಸ್ ವ್ಯಾಗನ್ನಿನ ಪಕ್ಕದಲ್ಲಿ ಅದು ತಯಾರಾದ ತಿಂಗಳು, ವರ್ಷವನ್ನು ಅಚ್ಚೊತ್ತಿರುತ್ತಾರೆ. 1956ರ ಮಾರ್ಚ್ ಎಂದಿರುವ ವ್ಯಾಗನ್ 1954ರ ರೈಲಿಗೆ ಕೂಡಿಕೊಳ್ಳಲಾರದು. ಹಳೆಯ ವ್ಯಾಗನ್‌ಗಳ ಚಾವಣಿಯ ಮೇಲೆ ಸಿಬ್ಬಂದಿ ನಡೆದಾಡುವ ಹಲಗೆ ಇರುತ್ತಿತ್ತು. 1966ರಿಂದ ಹೊಸ ವ್ಯಾಗನ್‌ಗಳಿಗೆ ಅದನ್ನು ಕೈಬಿಟ್ಟರು. 1967ರಿಂದ ಸುಮಾರು ಹತ್ತು ವರ್ಷ ಬಣ್ಣದ ಪಟ್ಟಿಗಳ ಗುರುತಿನ ಫಲಕ ಅಂಟಿಸುತ್ತಿದ್ದರು, ಆಮೇಲೆ ಅದೂ ಹೋಯಿತು. 1980ರ ದಶಕದಲ್ಲಿ ಗೂಡ್ಸ್ ರೈಲಿನ ಬಾಲದ ಗಾರ್ಡ್ ಬೋಗಿಯೇ ಮರೆಯಾಗತೊಡಗಿತು. ಬಲ್ಲವರಿಗೆ ಒಂದು ವ್ಯಾಗನ್ ಸಾಕು, ರೈಲಿನ ಕಾಲ ಹೇಳಿಬಿಡುತ್ತಾರೆ.

ಒಂದೇ ಕಂಪನಿಗೆ ಅಂಟಿಕೊಳ್ಳುವುದು ಎಂದರೆ ಹಳಿಯ ತುಂಬ ಒಂದೇ ಹೆಸರಿನ ವ್ಯಾಗನ್ ಎಂದಲ್ಲ. ಅಮೆರಿಕದಲ್ಲಿ ಮುಚ್ಚು ವ್ಯಾಗನ್ ಸರಕಿನ ಹಿಂದೆ ದೇಶವೆಲ್ಲ ಅಲೆಯುತ್ತಿತ್ತು. ಟಿಮ್ ಗಿಲ್ಬರ್ಟ್ ಮತ್ತು ಡೇವ್ ನೆಲ್ಸನ್ ಎಂಬ ಇಬ್ಬರು ಹಳೆಯ ದಾಖಲೆಗಳನ್ನು ಜಾಲಾಡಿ ಒಂದು ಸೂತ್ರ ಮುಂದಿಟ್ಟರು: ನಿಮ್ಮ ಮಾರ್ಗದಲ್ಲಿ ಕಾಣುವ ಹೊರಗಿನ ಮುಚ್ಚು ವ್ಯಾಗನ್‌ಗಳಲ್ಲಿ ಯಾವ ಕಂಪನಿಯದ್ದು ಎಷ್ಟು ಎಂಬುದು, ದೇಶದ ಒಟ್ಟು ಮುಚ್ಚು ವ್ಯಾಗನ್‌ಗಳಲ್ಲಿ ಆ ಕಂಪನಿಯ ಪಾಲಿಗೆ ಹೆಚ್ಚುಕಡಿಮೆ ಸಮ. ಹಾಗಾಗಿ ಇಂಡಿಯಾನಾದ ಹಳಿಗೂ ದೂರದ ಪಶ್ಚಿಮದ ವ್ಯಾಗನ್ ಬರಬೇಕು. ಕಲ್ಲಿದ್ದಲ ವ್ಯಾಗನ್‌ಗಳ ಲೆಕ್ಕ ಬೇರೆ, ಅವು ಗಣಿಗಳ ಸುತ್ತಮುತ್ತಲೇ ಹೆಚ್ಚು ಓಡುತ್ತಿದ್ದವು. ಇಷ್ಟವಾದದ್ದನ್ನು ಕೊಳ್ಳುವ ಹವ್ಯಾಸ ಹೀಗೆ ಸಂಖ್ಯಾಶಾಸ್ತ್ರದ ಬಾಗಿಲು ತಟ್ಟಿತು.

ಇಷ್ಟೆಲ್ಲ ಮಾಡಿದರೂ ದೂರವನ್ನು ಮಾತ್ರ ನಿಜದಂತೆ ಉಳಿಸಿಕೊಳ್ಳಲಾಗುವುದಿಲ್ಲ. ನಿಜದ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಒಂದು ಮೈಲಿ ಎಂದರೆ ಸುಮಾರು 60 ಅಡಿ. ಯೊಸೆಮಿಟಿಯ 78 ಮೈಲಿಗೆ ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್ ಹಳಿ ಬೇಕು. ಅಷ್ಟು ದೊಡ್ಡ ಮನೆ ಯಾರಿಗಿದೆ? ಆದ್ದರಿಂದ ಕೆಲವು ನಿಲ್ದಾಣಗಳನ್ನು ಇದ್ದಂತೆ ಉಳಿಸಿ ನಡುವಿನ ಬಯಲನ್ನು ಕುಗ್ಗಿಸುತ್ತಾರೆ.

ಕಡಲಾಚೆಯ ಎರಡು ದಾರಿ

ಇಂಗ್ಲೆಂಡಿನಲ್ಲಿ ಇದೇ ಹಟ ಇನ್ನೂ ಮೊದಲೇ, ಬೇರೊಂದು ದುಃಖದಿಂದ ಹುಟ್ಟಿತ್ತು. 1925ರಲ್ಲಿ ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣ, ವೇಲ್ ಆಫ್ ವೈಟ್ ಹಾರ್ಸ್ ಎಂಬ ಸೀಮೆಯ ಹುಲ್ಲು ಚಾವಣಿಯ ಹಳ್ಳಿಮನೆಗಳಿಗೆ ಮನಸೋತರು. ಕಣ್ಣೆದುರೇ ಅವು ಹಾಳಾಗುವುದನ್ನು ಕಂಡು, ಅಳೆದು, ಫೋಟೊ ತೆಗೆದು, ಪುಟ್ಟದಾಗಿ ಉಳಿಸಲು ಹೊರಟರು. 1954ರಿಂದ ಲಾಂಗ್ ವಿಟ್ಟೆನ್‌ಹ್ಯಾಮ್ ಹಳ್ಳಿಯಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ 1920, 30ರ ದಶಕಗಳ ಆ ಸೀಮೆ, ನಡುವೆ ಹಾದುಹೋಗುವ ಗ್ರೇಟ್ ವೆಸ್ಟರ್ನ್ ರೈಲು ಇಂದಿಗೂ ಇವೆ. ಇಲ್ಲಿ ರೈಲಿಗಾಗಿ ಊರು ಬಂದದ್ದಲ್ಲ, ಊರಿನ ಹಿಂದೆ ರೈಲು ಬಂತು.

ಯುರೋಪಿನ ಹವ್ಯಾಸಿ ಸಂಘಗಳ ಒಕ್ಕೂಟವಾದ ಮೊರೊಪ್ ಕಾಲವನ್ನೇ ಯುಗಗಳಾಗಿ ಕತ್ತರಿಸಿ ಕೊಟ್ಟಿತು. ಮೂರನೆಯದು ಎರಡನೇ ಮಹಾಯುದ್ಧದ ನಂತರದಿಂದ ಸುಮಾರು 1970ರವರೆಗೆ, ನಾಲ್ಕನೆಯದು 1990ರವರೆಗೆ. ತಯಾರಕರು ಯುಗದ ರೋಮನ್ ಅಂಕಿಯನ್ನು ಪೆಟ್ಟಿಗೆಯ ಮೇಲೇ ಮುದ್ರಿಸುತ್ತಾರೆ. ಜರ್ಮನಿಯ ಗಿರಾಕಿ ಮೊದಲು ಆ ಅಂಕಿ ನೋಡುತ್ತಾನೆ, ಆಮೇಲೆ ಬೆಲೆ.

ನನ್ನ ರೈಲು, ನನ್ನ ಇಷ್ಟ

ಇದೆಲ್ಲ ಅತಿಯಾಯಿತು ಎನ್ನುವವರು ಮೊದಲಿನಿಂದಲೂ ಇದ್ದಾರೆ. ನಿಖರತೆಯ ಗೀಳಿನವರಿಗೆ ಅವರು ಇಟ್ಟ ಅಡ್ಡಹೆಸರು ‘ರಿವೆಟ್ ಎಣಿಸುವವರು’. ಜಾನ್ ಆಲನ್ ಅಂತೂ ಶಂಟಿಂಗ್ ಎಂಜಿನ್ ಬದಲಿಗೆ ಎಮ್ಮಾ ಎಂಬ ಡೈನೋಸಾರನ್ನು ನಿಲ್ಲಿಸಿ ಎಲ್ಲರನ್ನೂ ನಗಿಸಿದ್ದರು. 1973ರ ಜನವರಿಯಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಅವರ ಮಾರ್ಗ ಬೆಂಕಿಗೆ ಸಿಕ್ಕಿತು. ಆದರೂ ಅದರಷ್ಟು ಕೊಂಡಾಟ ಕಂಡ ನಿಖರ ಮಾರ್ಗ ವಿರಳ. ಎರಿಕ್ ಬ್ರೂಮನ್ ಅವರ ಕಾಲ್ಪನಿಕ ‘ಯೂಟಾ ಬೆಲ್ಟ್’ ಇನ್ನೊಂದು ಬಗೆಯ ಉತ್ತರ ಕೊಟ್ಟಿತು. ಅದು ಯಾವ ಇಸವಿಯಲ್ಲೂ ನಿಲ್ಲದೆ, ಹಳೆಯ ಎಂಜಿನ್‌ಗಳನ್ನು ನಿವೃತ್ತಿಗೊಳಿಸುತ್ತಾ ಸದಾ ವರ್ತಮಾನದ ಜೊತೆಗೆ ನಡೆಯಿತು. ಇದರಲ್ಲೂ ಶಿಸ್ತು ಕಡಿಮೆಯೇನಿಲ್ಲ.

ಕಟ್ಟುಪಾಡಿನ ದೊಡ್ಡ ಲಾಭ ಸಣ್ಣ ಮನೆಯವರಿಗೆ. ಲ್ಯಾನ್ಸ್ ಮೈಂಡ್‌ಹೈಮ್ ಮಯಾಮಿ ನಗರದ ಕೈಗಾರಿಕಾ ಪ್ರದೇಶದ ಒಂದು ಕವಲು ಹಳಿಯನ್ನಷ್ಟೇ ಆರಿಸಿಕೊಂಡರು. ಗುಡ್ಡವಿಲ್ಲ, ಸೇತುವೆಯಿಲ್ಲ, ಉಗಿಯಿಲ್ಲ. ಗೋದಾಮುಗಳ ಬೆನ್ನಿಗೆ ಒಂದು ಡೀಸೆಲ್ ಎಂಜಿನ್, ನಾಲ್ಕಾರು ವ್ಯಾಗನ್. ಒಂದು ಕೋಣೆ, ಕಡಿಮೆ ಸಾಮಾನು, ಸಂಜೆ ಒಂದು ತಾಸು ಕಳೆಯಲು ಸಾಕಷ್ಟು ಶಂಟಿಂಗ್. ಇಸವಿಯ ಆಯ್ಕೆ ತಲೆಮಾರಿನೊಂದಿಗೆ ಬದಲಾಗುತ್ತದೆ. ಹಿಂದೆ ಉಗಿಯಿಂದ ಡೀಸೆಲ್‌ಗೆ ದಾಟಿದ 1950ರ ದಶಕವನ್ನೇ ಹೆಚ್ಚಿನವರು ಕಟ್ಟುತ್ತಿದ್ದುದು ಆ ಕಾಲದ ಮಕ್ಕಳು ದುಡಿಯುವ ವಯಸ್ಸಿಗೆ ಬಂದಿದ್ದರಿಂದ. ಉಗಿ ಎಂಜಿನ್ ಕಾಣದೇ ಬೆಳೆದವರು ಈಗ ಗೀಚುಬರಹ ತುಂಬಿದ ವ್ಯಾಗನ್‌ಗಳ ಕಾಲವನ್ನು ಕಟ್ಟುತ್ತಿದ್ದಾರೆ. ಆ ಗೀಚುಬರಹದ ಅಂಟುಚಿತ್ರಗಳೂ ಅಂಗಡಿಯಲ್ಲಿ ಸಿಗುತ್ತವೆ. ಯಾವ ಇಸವಿಯೂ ಮೇಲಲ್ಲ, ಕೀಳಲ್ಲ. ಆದರೆ ಒಂದನ್ನು ಆರಿಸಿಕೊಂಡವನಿಗೆ ಅಂಗಡಿಯಲ್ಲಿ ಖರ್ಚು ಇಳಿಯುತ್ತದೆ, ಗ್ರಂಥಾಲಯದಲ್ಲಿ ಕೆಲಸ ಏರುತ್ತದೆ. ಅವನು ಕೊಳ್ಳದೆ ಬಿಟ್ಟ ಒಂದೊಂದು ಚೆಂದದ ಎಂಜಿನ್ನೂ ಅವನ ಮಾರ್ಗವನ್ನು ಇನ್ನಷ್ಟು ನಂಬುವಂತೆ ಮಾಡುತ್ತದೆ.